ನೀರ ಮೇಲಿನ ಮನೆಗೆ ಬಿಸಿಲಿನ ದೀಪ

ಇಂಗ್ಲೆಂಡಿಗೆ ಹೊರಟ ನನಗೆ ನನ್ನ ತಂಗಿ ಎರಡು ವಸ್ತುಗಳನ್ನೂ ಒಂದು ಕೆಲಸವನ್ನೂ ಒಪ್ಪಿಸಿದ್ದಳು. ವಸ್ತುಗಳೆಂದರೆ ಒಂದು ಕಿಲೋ ಹುರಿಗಡಲೆ ಮತ್ತು ಒಂದು ಪುಟ್ಟ ಮಿಕ್ಸಿ. ಕೆಲಸವೆಂದರೆ ಅವಳ ಮಗನ ಮನೆಯನ್ನು ಕಣ್ಣಾರೆ ನೋಡಿ ಬಂದು ನಿಜವನ್ನು ಹೇಳುವುದು.

“ಅಣ್ಣ, ಅವನು ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಾನೆ. ಆದರೆ ದೋಣಿಯಲ್ಲಿ ಯಾರಾದರೂ ಸಂಸಾರ ಹೂಡುತ್ತಾರೆಯೇ? ಅಲ್ಲಿ ದೀಪವಿದೆಯೋ ಇಲ್ಲವೋ, ನೀರು ಬರುತ್ತದೆಯೋ ಇಲ್ಲವೋ! ದೋಣಿಯಲ್ಲಿರುವ ಹುಡುಗನಿಗೆ ಹೆಣ್ಣು ಕೊಡುವವರಾದರೂ ಯಾರು?” ಎಂದು ಅವಳು ಕಣ್ಣೊರಸಿಕೊಂಡಿದ್ದಳು.

ನನ್ನ ಸೋದರಳಿಯ ಬಾತ್ ಪಟ್ಟಣದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಮನೆಬಾಡಿಗೆಯ ಹೊರೆಯನ್ನು ತಾಳಲಾರದೆ ಮೂರು ವರ್ಷಗಳ ಹಿಂದೆ ಒಂದು ಹಳೆಯ ದೋಣಿಯನ್ನು ಕೊಂಡು, ಕಾಲುವೆಯ ಮೇಲೆಯೇ ವಾಸಿಸತೊಡಗಿದ್ದ. 2022ರ ಅಕ್ಟೋಬರ್ ಮೊದಲ ವಾರದಲ್ಲಿ, ಕೈಯಲ್ಲಿ ಹುರಿಗಡಲೆಯ ಚೀಲ ಹಿಡಿದು, ಡಂಡಾಸ್ ಎಂಬಲ್ಲಿ ಕಾಲುವೆಯ ದಂಡೆಗೆ ನಾನು ಇಳಿದೆ.

ಮೊದಲ ನೋಟಕ್ಕೇ ನನಗೆ ದಿಗ್ಭ್ರಮೆಯಾಯಿತು. ಕೆಳಗೆ ಏವನ್ ನದಿ ಹರಿಯುತ್ತಿತ್ತು. ಪಕ್ಕದಲ್ಲಿ ರೈಲು ಹಾದಿ. ಇವೆರಡರ ನೆತ್ತಿಯ ಮೇಲೆ ಜೇನುಬಣ್ಣದ ಕಲ್ಲಿನ ಸೇತುವೆಯೊಂದು ನಿಂತಿತ್ತು. ಆ ಸೇತುವೆಯ ಮೇಲೆ ರಸ್ತೆಯಿರಲಿಲ್ಲ, ನೀರಿತ್ತು! ಆ ನೀರಿನಲ್ಲಿ ದೋಣಿಯೊಂದು ಯಾವ ಅವಸರವೂ ಇಲ್ಲದೆ ನದಿಯನ್ನು ದಾಟಿ ಬರುತ್ತಿತ್ತು.

ಇದು ಕೆನೆಟ್ ಮತ್ತು ಏವನ್ ಕಾಲುವೆ. ಜಾನ್ ರೆನ್ನಿ ಎಂಬ ಪ್ರಸಿದ್ಧ ಎಂಜಿನಿಯರು ಇದನ್ನು ರೂಪಿಸಿದ. 1810ರಲ್ಲಿ ಕಾಲುವೆ ಪೂರ್ಣವಾಗಿ ತೆರೆದಾಗ, ರೆಡಿಂಗ್ ಪಟ್ಟಣದಿಂದ ಬ್ರಿಸ್ಟಲ್ ಬಂದರಿನವರೆಗೆ 87 ಮೈಲಿಗಳ ಜಲಮಾರ್ಗವೊಂದು ಸಿದ್ಧವಾಯಿತು. ಕುದುರೆಗಳು ದಡದ ಮೇಲೆ ನಡೆಯುತ್ತ ಹಗ್ಗದಿಂದ ದೋಣಿಗಳನ್ನು ಎಳೆಯುತ್ತಿದ್ದವು. ಅನಂತರ ರೈಲು ಬಂದಿತು. 1852ರಲ್ಲಿ ಕಾಲುವೆ ರೈಲು ಕಂಪನಿಯ ಕೈಗೇ ಸೇರಿತು. ಸರಕು ರೈಲಿನ ಪಾಲಾಯಿತು. ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ಕಾಲುವೆಯ ಎಷ್ಟೋ ಭಾಗಗಳಲ್ಲಿ ಹೂಳು ತುಂಬಿ ಕಳೆ ಬೆಳೆದಿತ್ತು. ಅದನ್ನು ಮರಳಿ ಬದುಕಿಸಿದವರಲ್ಲಿ ಊರೂರಿನ ಸ್ವಯಂಸೇವಕರೂ ಸೇರಿದ್ದಾರೆ. 1990ರಲ್ಲಿ ರಾಣಿ ಎಲಿಜಬೆತ್ ಅದನ್ನು ಮತ್ತೆ ಸಂಚಾರಕ್ಕೆ ತೆರೆದರು. ಈಗ ಅದರಲ್ಲಿ ಸರಕಿಗಿಂತ ಹೆಚ್ಚಾಗಿ ವಿಹಾರಿಗಳೂ, ನನ್ನ ಅಳಿಯನಂತೆ ದೋಣಿಯನ್ನೇ ಮನೆ ಮಾಡಿಕೊಂಡವರೂ ಕಾಣುತ್ತಾರೆ.

ಅಳಿಯನ ದೋಣಿ ಸುಮಾರು 57 ಅಡಿ ಉದ್ದ. ಅಗಲ ಏಳಡಿಗೂ ತುಸು ಕಡಿಮೆ. ನಮ್ಮ ರೈಲಿನ ಒಂದು ಡಬ್ಬಿಯನ್ನು ಇನ್ನಷ್ಟು ಕಿರಿದು ಮಾಡಿ ನೀರಿಗೆ ಬಿಟ್ಟರೆ ಹೇಗೋ ಹಾಗೆ. ಒಳಗೆ ಹೊಕ್ಕೊಡನೆ ಒಂದು ಕಬ್ಬಿಣದ ಒಲೆ, ಅದರಾಚೆ ಅಡಿಗೆಯ ಕಟ್ಟೆ, ಪುಟ್ಟ ಫ್ರಿಜ್ಜು, ಪುಸ್ತಕದ ಕಪಾಟು, ಬಚ್ಚಲು, ಕೊನೆಯಲ್ಲಿ ಹಾಸಿಗೆ. ದೀಪಗಳು ಉರಿಯುತ್ತಿದ್ದವು. ನಲ್ಲಿ ತಿರುಗಿಸಿದರೆ ಸಣ್ಣ ಪಂಪೊಂದು ಗುಂಯ್ಗುಟ್ಟಿ ನೀರು ಬಂದಿತು. ತಂಗಿಯ ಎರಡು ಪ್ರಶ್ನೆಗಳಿಗೆ ಐದೇ ನಿಮಿಷಗಳಲ್ಲಿ ಉತ್ತರ ಸಿಕ್ಕಿತ್ತು. ಆದರೆ ನನ್ನಲ್ಲಿ ಹೊಸ ಪ್ರಶ್ನೆಯೊಂದು ಹುಟ್ಟಿತು. ದಡದಿಂದ ದೋಣಿಗೆ ಒಂದು ತಂತಿಯೂ ಇರಲಿಲ್ಲ. ಈ ದೀಪಕ್ಕೆ ಕರೆಂಟು ಎಲ್ಲಿಂದ?

“ಬನ್ನಿ ಮಾವ, ತೋರಿಸುತ್ತೇನೆ” ಎಂದು ಅವನು ಹಿಂಬದಿಯ ಹಲಗೆಯನ್ನು ಎತ್ತಿದ. ಎಂಜಿನ್ನಿನ ಪಕ್ಕದಲ್ಲಿ ಐದು ಬ್ಯಾಟರಿಗಳು ಕುಳಿತಿದ್ದವು. ಒಂದು ಒಂಟಿಯಾಗಿತ್ತು, ಉಳಿದ ನಾಲ್ಕು ದಪ್ಪ ತಂತಿಗಳಿಂದ ಒಂದಕ್ಕೊಂದು ಬಿಗಿದುಕೊಂಡಿದ್ದವು.

ಒಂಟಿ ಬ್ಯಾಟರಿಯ ಕೆಲಸ ಎಂಜಿನ್ನನ್ನು ಚಾಲೂ ಮಾಡುವುದು ಮಾತ್ರ. ಅದರ ಸೀಸದ ಫಲಕಗಳು ತೆಳು; ಕೆಲವು ಕ್ಷಣ ದೊಡ್ಡ ಪ್ರವಾಹವನ್ನು ಕೊಟ್ಟು ಅದು ಸುಮ್ಮನಾಗುತ್ತದೆ. ನಾಲ್ಕರ ಗುಂಪು ಮನೆಯ ಕೆಲಸಕ್ಕೆ. ಅವುಗಳ ಫಲಕಗಳು ದಪ್ಪ. ಹಗಲಿರುಳು ಸ್ವಲ್ಪಸ್ವಲ್ಪವಾಗಿ ಕೊಡುತ್ತಲೇ ಇರುತ್ತವೆ. ಮನೆಯ ದೀಪ ರಾತ್ರಿಯೆಲ್ಲ ಉರಿದು ನಾಲ್ಕೂ ಬರಿದಾದರೂ ಬೆಳಿಗ್ಗೆ ಎಂಜಿನ್ನು ಏಳಲೇಬೇಕು; ಅದಕ್ಕಾಗಿಯೇ ಈ ಬೇರ್ಪಾಡು. ಈ ನಾಲ್ಕಕ್ಕೆ ಇಂಗ್ಲಿಷರು ‘ಲೀಶರ್ ಬ್ಯಾಟರಿ’, ಎಂದರೆ ವಿರಾಮದ ಬ್ಯಾಟರಿ, ಎಂದು ಹೆಸರಿಟ್ಟಿದ್ದಾರೆ. ದೋಣಿಯಲ್ಲಿ ಒಂದು ಗಳಿಗೆಯೂ ವಿರಾಮವಿಲ್ಲದ ವಸ್ತು ಅದೊಂದೇ ಎಂದು ಅಳಿಯ ನಕ್ಕ.

ಒಂದೊಂದೂ 110 ಆಂಪಿಯರ್-ಗಂಟೆಯದು. ನಾಲ್ಕು ಸೇರಿ 440. ಬೆಂಗಳೂರಿನ ನಮ್ಮ ಮನೆಗಳಲ್ಲಿ ಇನ್ವರ್ಟರಿನ ಕೆಳಗೆ ಕುಳಿತು, ಆಗಾಗ ಬಟ್ಟಿ ಇಳಿಸಿದ ನೀರನ್ನು ಕೇಳುವ ಬ್ಯಾಟರಿಯ ಒಡಹುಟ್ಟುಗಳೇ ಇವು. ನಮ್ಮದಕ್ಕೆ ಊಟ ಗೋಡೆಯಿಂದ ಬರುತ್ತದೆ. ಇವುಗಳಿಗೆ ಊಟ ಬರುವುದು ಎರಡು ಕಡೆಯಿಂದ: ಒಂದು ಎಂಜಿನ್ನು, ಇನ್ನೊಂದು ಮಾಡಿನ ಮೇಲಿನ ಸೂರ್ಯಫಲಕ.

ಮಾಡಿನ ಮೇಲೆ ನೀಲಿಗಪ್ಪು ಬಣ್ಣದ ಮೂರು ಫಲಕಗಳು ಅಂಗಾತ ಮಲಗಿದ್ದವು. ಒಂದೊಂದೂ 175 ವ್ಯಾಟಿನದು. ಕೇರಳದ ವೈಕಂನಲ್ಲಿ 2017ರಲ್ಲಿ ಜನರನ್ನು ದಾಟಿಸತೊಡಗಿದ ‘ಆದಿತ್ಯ’ ಎಂಬ ದೋಣಿಯನ್ನು ಸೂರ್ಯನ ಶಕ್ತಿಯೇ ನಡೆಸುತ್ತದೆ. ಇಲ್ಲಿ ಹಾಗಲ್ಲ. ನಡೆಯಲು ಡೀಸೆಲ್ಲು, ಮನೆ ಬೆಳಗಲು ಬಿಸಿಲು. ಫಲಕಕ್ಕೂ ಬ್ಯಾಟರಿಗೂ ನಡುವೆ ನಿಯಂತ್ರಕವೆಂಬ ಪುಟ್ಟ ಪೆಟ್ಟಿಗೆಯಿದೆ. ಫಲಕದಿಂದ ಬರುವ ಹೆಚ್ಚಿನ ವೋಲ್ಟನ್ನು ಅದು ಬ್ಯಾಟರಿಗೆ ಒಗ್ಗುವಷ್ಟಕ್ಕೆ ಇಳಿಸಿ, ಇಳಿಸಿದ್ದಕ್ಕೆ ತಕ್ಕಂತೆ ಪ್ರವಾಹವನ್ನು ಹೆಚ್ಚಿಸುತ್ತದೆ. ಬ್ಯಾಟರಿ ತುಂಬಿದಾಗ ಬಡಿಸುವ ಕೈಯನ್ನು ತಡೆಯುತ್ತದೆ. ರಾತ್ರಿ ಬ್ಯಾಟರಿಯ ಶಕ್ತಿ ಫಲಕಕ್ಕೆ ಹಿಂದಿರುಗದಂತೆ ಬಾಗಿಲು ಹಾಕುತ್ತದೆ.

ಅಂದು ಸಂಜೆ ದಂಡೆಯ ಹಾದಿಯಲ್ಲಿ ನಡೆದು ಕ್ಲಾವರ್ಟನ್ನಿನ ಪಂಪುಮನೆಯನ್ನು ನೋಡಿ ಬಂದೆವು. 1813ರಲ್ಲಿ ಕಟ್ಟಿದ್ದು. ಕಾಲುವೆಗೆ ನೀರು ಸಾಲದೆ ಬಂದಾಗ ರೆನ್ನಿ ಪಕ್ಕದ ನದಿಯನ್ನೇ ಕೂಲಿಗೆ ಹಿಡಿದ. ನದಿಯ ಹರಿವು ಅಗಲವಾದೊಂದು ಚಕ್ರವನ್ನು ತಿರುಗಿಸುತ್ತದೆ; ಚಕ್ರ ಪಂಪನ್ನು ಆಡಿಸುತ್ತದೆ; ಅದೇ ನದಿಯ ನೀರು ಸುಮಾರು 14 ಮೀಟರು ಮೇಲೇರಿ ಕಾಲುವೆಗೆ ಬೀಳುತ್ತದೆ. ಕಲ್ಲಿದ್ದಲ ಖರ್ಚಿಲ್ಲ. ದಿನನಿತ್ಯದ ಕೆಲಸವನ್ನು ಈಗ ವಿದ್ಯುತ್ ಪಂಪುಗಳು ಮಾಡುತ್ತವೆ. ಆದರೂ ಸ್ವಯಂಸೇವಕರು ಹಳೆಯ ಚಕ್ರವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಆ ರಾತ್ರಿಯೇ ಮಳೆ ಹಿಡಿಯಿತು. ಪ್ರಯಾಣದ ದಣಿವಿಗೆ ಶೀತವೂ ಸೇರಿ ನಾನು ಮುಸುಕೆಳೆದು ಮಲಗಿದೆ. ಡಂಡಾಸಿನ ಆಚೆಯ ಕಣಿವೆಯಲ್ಲಿ ಮರಗಳು ದಟ್ಟ. ದೋಣಿ ಅವುಗಳ ನೆರಳಿನಲ್ಲೇ ಕಟ್ಟಿತ್ತು. ಎರಡು ದಿನ ಮೋಡ ಕದಲಲಿಲ್ಲ. ಮಾಡಿನ ಮೇಲೆ ಟಪಟಪ ಹನಿ, ಒಳಗೆ ಒಲೆಯ ಬಿಸುಪು, ಕೈಯಲ್ಲಿ ಪುಸ್ತಕ, ನನಗೇನೋ ಸ್ವರ್ಗಸುಖ.

ಮೂರನೆಯ ಬೆಳಿಗ್ಗೆ ಮಳೆ ನಿಂತಿತು, ಶೀತವೂ ಇಳಿದಿತ್ತು. ಅಳಿಯನಿಗೆ ದೋಸೆ ಮಾಡಿ ಬಡಿಸೋಣವೆಂದು, ತಂಗಿಯ ಹುರಿಗಡಲೆಯನ್ನು ತಂಗಿಯ ಮಿಕ್ಸಿಗೆ ಹಾಕಿ ಗುಂಡಿ ಒತ್ತಿದೆ. ಮಿಕ್ಸಿ ಒಮ್ಮೆ ಗುರ್ ಎಂದು ನಿಂತುಬಿಟ್ಟಿತು. ಹಿಂಬದಿಯಲ್ಲಿ ಏನೋ ಕೀರ್ ಎಂದು ಕೂಗತೊಡಗಿತು.

ಅಳಿಯ ಎದ್ದು ಬಂದವನು ಮೀಟರನ್ನು ನೋಡಿ ಸಪ್ಪಗಾದ. “12.0” ಎಂದ, ಮೆಲ್ಲಗೆ.

“ನನ್ನ ಚಟ್ನಿಯಿಂದ ಇಷ್ಟಾಯಿತೇನೋ?” ಎಂದೆ, ಗಾಬರಿಯಿಂದ.

“ಇಲ್ಲ ಮಾವ. ಮಿಕ್ಸಿ 500 ವ್ಯಾಟಿನದಾದರೂ ಒಂದು ನಿಮಿಷದ ಚಟ್ನಿಗೆ ಒಂದು ಆಂಪಿಯರ್-ಗಂಟೆಯೂ ಖರ್ಚಾಗದು. ಸದ್ದಿಲ್ಲದ ಫ್ರಿಜ್ಜು ದಿನಕ್ಕೆ ನಲವತ್ತು ತಿನ್ನುತ್ತದೆ. ದೀಪ, ಪಂಪು, ನನ್ನ ಕಚೇರಿಯ ಕಂಪ್ಯೂಟರು ಎಲ್ಲ ಸೇರಿ ದಿನಕ್ಕೆ ತೊಂಬತ್ತರ ಹತ್ತಿರ. ಮಿಕ್ಸಿ ಬರಿಯ ಗುಟ್ಟನ್ನು ಹೊರಹಾಕಿತು. ಒಮ್ಮೆಲೇ ದೊಡ್ಡ ಪ್ರವಾಹವನ್ನು ಕೇಳಿದಾಗ ಬ್ಯಾಟರಿಯ ವೋಲ್ಟು ಕುಸಿಯಿತು, ಇನ್ವರ್ಟರ್ ಕೂಗಿಕೊಂಡಿತು.”

ನಿಜಾಂಶ ಒಂದೊಂದಾಗಿ ಹೊರಬಿದ್ದಿತು. ಮೋಡದಿಂದಲೂ ಮರದ ನೆರಳಿನಿಂದಲೂ ಫಲಕಗಳು ಎರಡು ದಿನ ಹೆಚ್ಚುಕಡಿಮೆ ಉಪವಾಸ. ಫಲಕದ ಒಂದು ಮೂಲೆಯ ಮೇಲೆ ಕೊಂಬೆಯ ನೆರಳು ಬಿದ್ದರೂ ಅದರ ಗಳಿಕೆ ಬಹಳಷ್ಟು ತಗ್ಗುತ್ತದಂತೆ. ಇಂಥ ದಿನಗಳಲ್ಲಿ ಎಂಜಿನ್ನನ್ನು ಓಡಿಸಬೇಕು. ಆದರೆ ಹಾಸಿಗೆಗೆ ಹತ್ತಿರದಲ್ಲೇ ಎಂಜಿನ್ನು. ಶೀತದಿಂದ ಮಲಗಿದ ಮಾವನಿಗೆ ಸದ್ದಾಗುವುದೆಂದು ಅವನು ಓಡಿಸಿರಲಿಲ್ಲ. ಸಾಲದ್ದಕ್ಕೆ, ನಾನು ನನ್ನ ಮೊಬೈಲ್ ಫೋನನ್ನು ಸಿಕ್ಕಿಸಿ, ಎರಡು ರಾತ್ರಿಯೂ ಇನ್ವರ್ಟರನ್ನು ಆರಿಸದೆ ಮಲಗಿದ್ದೆ. ಯಾವ ಕೆಲಸವನ್ನು ಮಾಡದಿದ್ದರೂ ಅದು ತನ್ನ ಪಾಲನ್ನು ತಿನ್ನುತ್ತಲೇ ಇರುತ್ತದೆ. ನಾನು ಬಂದ ಮೇಲೆ ಒಂದು ರಾತ್ರಿಯೂ ತುಂಬದ ಬ್ಯಾಟರಿ ಈಗ ಅರ್ಧಕ್ಕಿಂತ ಕೆಳಗಿಳಿದಿತ್ತು.

ಅವನು ಅಷ್ಟು ಕಳವಳಪಟ್ಟುದಕ್ಕೆ ಕಾರಣವಿತ್ತು. ಮೊದಲ ವರ್ಷದ ಚಳಿಗಾಲದಲ್ಲಿ ಅವನು ನಾಲ್ಕು ಹೊಸ ಬ್ಯಾಟರಿಗಳನ್ನು ಕೊಂದಿದ್ದ. ಈ ಸಂಗತಿಯನ್ನು ತಾಯಿಗೆ ಹೇಳಿರಲಿಲ್ಲ.

“ಆಗ ಫಲಕಗಳಿರಲಿಲ್ಲ. ದಿನವೂ ಸಂಜೆ ಕಚೇರಿಯಿಂದ ಬಂದು ಒಂದು ಗಂಟೆ ಎಂಜಿನ್ ಓಡಿಸುತ್ತಿದ್ದೆ. ದಡಕ್ಕೆ ಕಟ್ಟಿದ ದೋಣಿಯಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಎಂಜಿನ್ ಓಡಿಸುವಂತಿಲ್ಲ. ಸಿಕ್ಕುತ್ತಿದ್ದುದು ಅಷ್ಟೇ ಹೊತ್ತು. ಎಂಜಿನ್ ಓಡುವಾಗಲೇ ಮೀಟರನ್ನು ನೋಡುತ್ತಿದ್ದೆ. ಹದಿನಾಲ್ಕು ವೋಲ್ಟ್ ತೋರಿಸುತ್ತಿತ್ತು. ತುಂಬಿತೆಂದು ನೆಮ್ಮದಿಯಿಂದ ಆರಿಸುತ್ತಿದ್ದೆ. ಅದು ಬ್ಯಾಟರಿಯ ವೋಲ್ಟಲ್ಲ, ತುಂಬುವ ಯಂತ್ರದ್ದು. ಮೀಟರು ಸುಳ್ಳು ಹೇಳಲಿಲ್ಲ ಮಾವ, ನಾನೇ ಕೇಳಬಾರದ ಹೊತ್ತಿನಲ್ಲಿ ಕೇಳಿದೆ. ಫೆಬ್ರವರಿಯ ಹೊತ್ತಿಗೆ ರಾತ್ರಿ ಎಂಟಕ್ಕೇ ದೀಪ ಮಂಕಾಗುತ್ತಿತ್ತು. ಹೊರಗೆ ಹಿಮ. ಮೇಣದ ಬತ್ತಿ ಹಚ್ಚಿಕೊಂಡು ಕೂತು, ಅಮ್ಮನಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳಿದ್ದೇನೆ.”

ಬ್ಯಾಟರಿಯ ಸತ್ಯಸ್ಥಿತಿ ತಿಳಿಯಬೇಕಾದರೆ ತುಂಬುವುದನ್ನೂ ಬಳಸುವುದನ್ನೂ ನಿಲ್ಲಿಸಿ, ಕೆಲವು ಗಂಟೆ ಬಿಟ್ಟು ಅಳೆಯಬೇಕು. ಆಗ 12.7 ವೋಲ್ಟ್ ಇದ್ದರೆ ಪೂರ್ಣ, 12.2ರ ಸುಮಾರಿಗೆ ಬಂದರೆ ಅರ್ಧ. ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬ್ಯಾಟರಿ ಬಹುಕಾಲ ಬಾಳುತ್ತದೆ.

ಈ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಎಂಬ ವಿಜ್ಞಾನಿ 1859ರಲ್ಲಿ ಮಾಡಿದ. ನೀರು ಬೆರೆಸಿದ ಗಂಧಕಾಮ್ಲದಲ್ಲಿ ಸೀಸದ ಫಲಕಗಳು ಮುಳುಗಿರುತ್ತವೆ. ವಿದ್ಯುತ್ತು ಖರ್ಚಾದಂತೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಡುತ್ತದೆ, ಆಮ್ಲ ತೆಳುವಾಗುತ್ತದೆ. ಮತ್ತೆ ತುಂಬಿಸಿದಾಗ ಸಲ್ಫೇಟ್ ಕರಗಿ ಆಮ್ಲ ಗಟ್ಟಿಯಾಗುತ್ತದೆ. ಬೇಗ ಪೂರ್ತಿಯಾಗಿ ತುಂಬಿಸಿದರೆ ಏನೂ ತೊಂದರೆಯಿಲ್ಲ. ದಿನವೂ ಅರೆಬರೆ ತುಂಬಿಸಿ ಬಿಟ್ಟರೆ, ಉಳಿದ ಸಲ್ಫೇಟ್ ನಿಧಾನವಾಗಿ ಹರಳುಗಟ್ಟಿ ಗಡುಸಾಗುತ್ತದೆ, ಆಮೇಲೆ ಕರಗುವುದಿಲ್ಲ. ಪಾತ್ರೆಯ ತಳಕ್ಕೆ ಹತ್ತಿದ ಹಾಲನ್ನು ಆಗಲೇ ತೊಳೆದರೆ ಹೋಗುತ್ತದೆ. ವಾರ ಬಿಟ್ಟರೆ ಹೋಗದು. ಅಷ್ಟು ಜಾಗ ಬ್ಯಾಟರಿಯಲ್ಲಿ ಕಾಯಂ ಆಗಿ ಸತ್ತಂತೆಯೇ.

ಹಾಗಾದರೆ ದಿನವೂ ಪೂರ್ತಿ ತುಂಬಿಸಬಾರದೇ? ತೊಡಕು ಅಲ್ಲಿಯೇ ಇದೆ. ಹಸಿದ ಬ್ಯಾಟರಿ ಮೊದಲು ಗಬಗಬನೆ ಉಣ್ಣುತ್ತದೆ. ಎಂಜಿನ್ನಿನ ನೆರವಿನಿಂದ ನೂರಕ್ಕೆ ಎಂಬತ್ತು ಪಾಲು ಕೆಲವೇ ಗಂಟೆಗಳಲ್ಲಿ ತುಂಬಬಲ್ಲದು. ಕೊನೆಯ ಇಪ್ಪತ್ತು ಪಾಲಿಗೆ ಅದು ತುತ್ತು ತುತ್ತಾಗಿ ಮಾತ್ರ ತೆಗೆದುಕೊಳ್ಳುತ್ತದೆ. ಯಂತ್ರ ಎಷ್ಟೇ ದೊಡ್ಡದಿರಲಿ, ಆ ಗತಿ ಬದಲಾಗುವುದಿಲ್ಲ. ನಾಲ್ಕಾರು ತುತ್ತಿಗಾಗಿ ಗಂಟೆಗಟ್ಟಲೆ ಡೀಸೆಲ್ ಸುಡುವುದು ದಂಡ. ಆ ನಿಧಾನದ ಬಡಿಸಾಟಕ್ಕೆ ಸೂರ್ಯನೇ ತಕ್ಕವನು. ಅವನಿಗೆ ಸದ್ದಿಲ್ಲ, ಕೂಲಿಯಿಲ್ಲ. ಬೆಳಗಿನಿಂದ ಸಂಜೆಯವರೆಗೂ ಪಂಕ್ತಿಯಲ್ಲಿ ನಿಂತಿರುತ್ತಾನೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಲೋಕಕ್ಕೆ ತೋರಿಸಿದ ಸಿಲಿಕಾನ್ ಸೂರ್ಯಕೋಶ, ಅದಕ್ಕಿಂತ ಸುಮಾರು ನೂರು ವರ್ಷ ಹಳೆಯದಾದ ಸೀಸದ ಬ್ಯಾಟರಿಗೆ ಹೀಗೆ ಒಳ್ಳೆಯ ಜೋಡಿಯಾಗಿದೆ.

ಗಂಟೆ ಎಂಟು ಹೊಡೆಯುವುದನ್ನೇ ಕಾದು ಅಳಿಯ ಎಂಜಿನ್ನನ್ನು ಎಬ್ಬಿಸಿದ. ಒಂಟಿ ಬ್ಯಾಟರಿ ತನ್ನ ಕೆಲಸವನ್ನು ತಪ್ಪದೆ ಮಾಡಿತು. ಹಗ್ಗ ಬಿಚ್ಚಿ, ಮರಗಳ ಸೆರೆಯಿಂದ ಬಯಲಿಗೆ ಹೊರಟೆವು. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನ. ದಡದ ಮೇಲೆ ನಾಯಿಯೊಡನೆ ನಡೆಯುತ್ತಿದ್ದ ಮುದುಕರೊಬ್ಬರು ನಮ್ಮನ್ನು ಹಿಂದೆ ಹಾಕಿ ಹೋದರು.

ಏವನ್‌ಕ್ಲಿಫ್ ಎಂಬಲ್ಲಿ ಮತ್ತೊಂದು ಕಲ್ಲಿನ ಮೇಲ್ಗಾಲುವೆಯ ಮೂಲಕ ನದಿಯನ್ನು ಪುನಃ ದಾಟಿದೆವು. ಬ್ರ್ಯಾಡ್‌ಫರ್ಡ್ ಊರಿನಲ್ಲಿ ಲಾಕ್ ಎದುರಾಯಿತು. ಲಾಕ್ ಎಂದರೆ ಎರಡೂ ತುದಿಗೆ ಮರದ ಕದಗಳುಳ್ಳ ನೀರಿನ ಕೋಣೆ. ದೋಣಿ ಒಳಹೊಕ್ಕ ಮೇಲೆ ಹಿಂದಿನ ಕದವನ್ನು ಮುಚ್ಚಿ ಮೇಲಿನ ನೀರನ್ನು ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರಿ ಮೇಲಿನ ಕಾಲುವೆಯ ಮಟ್ಟಕ್ಕೆ ನಿಲ್ಲುತ್ತದೆ. ಇಲ್ಲಿಂದ ಪೂರ್ವಕ್ಕೆ ಹೋದರೆ ಡಿವೈಜಸ್ ಊರಿನ ಬಳಿ ಇಂಥ 29 ಲಾಕುಗಳು ಎರಡು ಮೈಲಿಯೊಳಗೆ ದೋಣಿಯನ್ನು 237 ಅಡಿ ಮೇಲೇರಿಸುತ್ತವೆ. ನಾನು ಕದದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ನೂಕಿದೆ. ಕೋಣೆ ತುಂಬುವ ತನಕ ಅದು ಇಂಚೂ ಕದಲಲಿಲ್ಲ. ಎರಡೂ ಕಡೆಯ ನೀರು ಸಮವಾದೊಡನೆ ತಾನಾಗಿಯೇ ಎಂಬಂತೆ ತೆರೆದುಕೊಂಡಿತು.

ಊರು ದಾಟಿ ಬಯಲಿನಲ್ಲಿ ದೋಣಿಯನ್ನು ಕಟ್ಟಿದಾಗ ಹಗಲು ಹನ್ನೆರಡಾಗಿತ್ತು. ಎರಡು ಕಡೆಯೂ ಹುಲ್ಲುಗಾವಲು. ತಲೆಯ ಮೇಲೆ ಬಿಚ್ಚಿದ ಆಕಾಶ. ಎಂಜಿನ್ನು ತನ್ನ ಎಂಬತ್ತು ಪಾಲನ್ನು ಮುಗಿಸಿತ್ತು. ಅದನ್ನು ಆರಿಸಿ, ಮಾಡಿನ ಮೇಲೆ ಬಿದ್ದಿದ್ದ ಎಲೆಗಳನ್ನು ಗುಡಿಸಿ, ಫಲಕಗಳನ್ನು ಬಟ್ಟೆಯಿಂದ ಒರಸಿದೆವು. ಇನ್ನು ನಾವು ಮಾಡುವುದೇನೂ ಇರಲಿಲ್ಲ. ಅಕ್ಟೋಬರಿನ ಸೂರ್ಯ ಆ ನಾಡಿನಲ್ಲಿ ನಡುಹಗಲಲ್ಲೂ ಮೂವತ್ತು ಡಿಗ್ರಿಯಷ್ಟೇ ಮೇಲೇರುತ್ತಾನೆ. ಮೂರು ದಿನ ಬಿಸಿಲು ಬಿಡದೆ ಕಾಯಿತು. ನಾವೂ ಫ್ರಿಜ್ಜನ್ನು ಆರಿಸಿ, ಹಾಲನ್ನು ಹೊರಗಿನ ತಣ್ಣನೆಯ ಕಟ್ಟೆಯ ಮೇಲಿಟ್ಟು, ಒಂದೇ ದೀಪದಲ್ಲಿ ಉಂಡೆವು.

ಮೂರನೆಯ ದಿನ ಮಧ್ಯಾಹ್ನ ನಿಯಂತ್ರಕದ ಪೆಟ್ಟಿಗೆಯಲ್ಲಿ ‘ತುಂಬಿತು’ ಎಂಬ ಗುರುತಿನ ದೀಪ ಹೊತ್ತಿತು. ಅಳಿಯ ಅದನ್ನೂ ನಂಬಲಿಲ್ಲ. ಹಲಗೆಯನ್ನು ಎತ್ತಿ, ಗಾಳಿಯಾಡಲು ಬಿಟ್ಟ. ತುಂಬುವ ಕೊನೆಯ ಘಟ್ಟದಲ್ಲಿ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಅಲ್ಲಿ ಬೆಂಕಿಯ ಕಿಡಿ ಸಲ್ಲದು. ಆಮೇಲೆ ಕನ್ನಡಕ, ಕೈಗವಸು ಧರಿಸಿ, ಹೈಡ್ರೋಮೀಟರಿನಿಂದ ಒಂದೊಂದು ಕೋಶದ ಆಮ್ಲವನ್ನೂ ಹೀರಿ ನೋಡಿದ. ನಾಲ್ಕು ಬ್ಯಾಟರಿಗೆ ಇಪ್ಪತ್ತನಾಲ್ಕು ಕೋಶ. ನಾನು ಪುಸ್ತಕದಲ್ಲಿ ಬರೆದುಕೊಂಡೆ: 1.27, 1.27, 1.28... ಇಪ್ಪತ್ತನಾಲ್ಕನೆಯದನ್ನು ಬರೆಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಒಂದೂ ಹಿಂದೆ ಬಿದ್ದಿರಲಿಲ್ಲ.

“ಉಳಿದವು ಮಾವ” ಎಂದು ಅವನು ಉಸಿರುಬಿಟ್ಟ. ಅಂದಿನ ಸಂಜೆ ಮಿಕ್ಸಿ ಒಂದೇ ಉಸಿರಿಗೆ ಚಟ್ನಿ ಅರೆಯಿತು.

ಅವನ ಬಾಳು ಸುಲಭವೆಂದು ನಾನು ಹೇಳಲಾರೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟೇ ಗಂಟೆ. ಆಗ ಬೆಂಗಳೂರಿನ ನಡುಹಗಲ ಸೂರ್ಯ 53 ಡಿಗ್ರಿಯಷ್ಟು ಎತ್ತರದಲ್ಲಿದ್ದರೆ, ಅಲ್ಲಿ ಬರಿಯ 15. ಅಂಗಾತ ಮಲಗಿದ ಫಲಕಕ್ಕೆ ಜೂನಿನಲ್ಲಿ ಸಿಕ್ಕುವುದರ ಹತ್ತನೆಯ ಒಂದು ಪಾಲು ಸಿಕ್ಕೀತು. ಆಗ ಮತ್ತೆ ಎಂಜಿನ್ನೇ ಗತಿ. ವಾರಕ್ಕೊಮ್ಮೆಯಾದರೂ ಹಗಲೆಲ್ಲ ಓಡಿಸಿ ಪೂರ್ತಿ ತುಂಬಿಸಬೇಕು. ಸ್ವಂತ ನೆಲೆಯಿಲ್ಲದ ದೋಣಿ ಒಂದೆಡೆ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂದು 1995ರ ಕಾನೂನು ಹೇಳುತ್ತದೆ. ಆದ್ದರಿಂದ ಬಿಸಿಲಿನ ಜಾಗ ಸಿಕ್ಕಿತೆಂದು ಅಲ್ಲೇ ಬೇರು ಬಿಡುವಂತಿಲ್ಲ. ಲಿಥಿಯಂ ಬ್ಯಾಟರಿಗೆ ಈ ಅರೆಹೊಟ್ಟೆಯ ರೋಗವಿಲ್ಲ. ಅನುಕೂಲವಂತರು ಅದಕ್ಕೆ ಬದಲಾಗುತ್ತಿದ್ದಾರೆ. ಅದರ ಬೆಲೆ ಹೆಚ್ಚು. ಅಲ್ಲಿಯವರೆಗೆ ಇವನಿಗೆ ಸೀಸವೇ ಸರಿ.

ಹೊರಡುವ ಹಿಂದಿನ ದಿನ ತಂಗಿ ಫೋನು ಮಾಡಿದಳು. “ಹೇಗಿದ್ದಾನೆ ಅಣ್ಣ? ನಿಜ ಹೇಳು.”

ಎದುರಿಗೆ ಅಳಿಯ ತನ್ನ ದಿನಚರಿಯ ಪುಸ್ತಕದಲ್ಲಿ ಅಂದಿನ ಆದಾಯ-ವೆಚ್ಚವನ್ನು ಬರೆಯುತ್ತಿದ್ದ. ಬಂದ ಆಂಪಿಯರ್ ಎಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. ಊರಿನಲ್ಲಿದ್ದಾಗ ಕೋಣೆಯ ಫ್ಯಾನನ್ನು ಆರಿಸದೆ ಹೊರಟುಬಿಡುತ್ತಿದ್ದ ಹುಡುಗ ಇವನು.

“ದೀಪವಿದೆ, ನೀರಿದೆ. ಚಳಿಗಾಲದಲ್ಲಿ ಕಷ್ಟವೂ ಇದೆ. ಒಮ್ಮೆ ಕತ್ತಲಲ್ಲಿ ಕೂತದ್ದೂ ಉಂಟು. ಅದನ್ನು ಅವನೇ ನಿನಗೆ ಹೇಳುತ್ತಾನೆ. ಆದರೆ ಈಗ ದಿನವೂ ನಮ್ಮ ಅಪ್ಪನ ಹಾಗೆ ಲೆಕ್ಕ ಬರೆಯುತ್ತಾನೆ. ಇಂಥವನಿಗೆ ಹೆಣ್ಣು ಕೊಡಲು ಹೆದರಬೇಕಾಗಿಲ್ಲ” ಎಂದೆ. ಫೋನನ್ನು ಅವನ ಕೈಗೆ ಕೊಟ್ಟು ದಂಡೆಗೆ ಇಳಿದೆ. ತಾಯಿ ಮಗ ಬಹಳ ಹೊತ್ತು ಮಾತಾಡಿದರು.

ಬೆಂಗಳೂರಿಗೆ ಬಂದ ಮರುದಿನವೇ ನಾನು ಮನೆಯ ಮೂಲೆಯಲ್ಲಿದ್ದ ಇನ್ವರ್ಟರಿನ ಬ್ಯಾಟರಿಯನ್ನು ಮುಂದಕ್ಕೆಳೆದು ನೋಡಿದೆ. ಆರು ಕೋಶಗಳಲ್ಲಿ ಎರಡರ ನೀರು ಗೆರೆಯ ಕೆಳಗಿಳಿದಿತ್ತು. ಕೊನೆಯ ಸಲ ಅದನ್ನು ಯಾವಾಗ ತೆರೆದಿದ್ದೆನೆಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಚೀಲ ತೆಗೆದುಕೊಂಡು, ಬಟ್ಟಿ ಇಳಿಸಿದ ನೀರನ್ನು ತರಲು ಅಂಗಡಿಗೆ ಹೊರಟೆ.